ವೈದ್ಯವಿದ್ಯಾಶಾಲೆಯ ವಾಸ್ತುವಿಚಾರ

ಕೆಲವು ತಿಂಗಳುಗಳ ಹಿಂದೆ ನಮ್ಮ ಪ್ರಾಂತದ ಒಂದು ವೈದ್ಯವಿದ್ಯಾಸಂಸ್ಥೆಯವರು ತಮ್ಮ ಆವರಣದಲ್ಲಿ ನೂತನವಾದೊಂದು ಕಟ್ಟಡವನ್ನು ಎತ್ತಿಸಬೇಕೆಂದು ಸಂಕಲ್ಪಿಸಿ, ಅದರ ಮಹಾದ್ವಾರದ ಮೇಲೆ ಕೆತ್ತಿಸುವುದಕ್ಕೆ ತಕ್ಕ ಸಂಸ್ಕೃತವಾಕ್ಯವೊಂದನ್ನು ಸೂಚಿಸಬೇಕೆಂದು ನನ್ನನ್ನು ಕೇಳಿದರು. ನಾನು ವೈದ್ಯನೂ ಅಲ್ಲ, ಶಿಲ್ಪಿಯೂ ಅಲ್ಲ. ಪಾಠಶಾಲೆಯಲ್ಲಿ ಸಾಹಿತ್ಯ ತರ್ಕಗಳನ್ನೋದಿ, ಅನಂತರ ಇಪ್ಪತ್ತು ವರ್ಷಗಳಿಂದ ಆಯುರ್ವೇದದ ಛಾತ್ರರಿಗೆ ಸಂಹಿತೆಗಳ ಪಂಕ್ತಿಗಳನ್ನು ಬಿಡಿಸಿ ಹೇಳಿಕೊಂಡು ಬಂದವನು. ದ್ವಾರದ ಮೇಲೆ ವಾಕ್ಯವನ್ನು ಬರೆಯಬೇಕಾದರೆ ದ್ವಾರದ ಒಳಗೆ ಏನಿದೆಯೆಂಬುದನ್ನು ತಿಳಿಯಬೇಕಷ್ಟೆ. ಆದುದರಿಂದ ನಕ್ಷೆಯನ್ನು ತೋರಿಸಿರೆಂದು ಕೇಳಿದೆನು. ಅವರೂ ಸಂತೋಷದಿಂದ ತೋರಿಸಿದರು.

ಮುಂಭಾಗದಲ್ಲಿ ಎಂಟು ಕಂಬಗಳ ಮೊಗಸಾಲೆ. ಅದರ ಹಿಂದೆ ಸಾವಿರ ಜನರು ಕುಳಿತುಕೊಳ್ಳಬಹುದಾದ ಸಭಾಂಗಣ. ಮೇಲಣ ಎರಡು ಅಂತಸ್ತುಗಳಲ್ಲಿ ಉದ್ದುದ್ದವಾದ ಪಾಠದ ಕೊಠಡಿಗಳು. ಶವಚ್ಛೇದನದ ಶಾಲೆಯೆಲ್ಲಿ ಎಂದು ಹುಡುಕಿದರೆ, ಅದು ನೆಲದ ಅಂತಸ್ತಿನಲ್ಲಿ ಹಿಂಬದಿಗೆ, ವಾಹನಗಳ ಕೊಟ್ಟಿಗೆಗೆ ಅಂಟಿಕೊಂಡು, ಸೂರಿನ ಹತ್ತಿರ ಎರಡು ಕಿರುಗಿಂಡಿಗಳೊಡನೆ ಇತ್ತು. “ಇಲ್ಲಿ ನೂರೈವತ್ತು ಮಂದಿ ನಿಂತರೆ ಹಿಂದಿನ ಸಾಲಿನ ಹುಡುಗನಿಗೆ ಏನು ಕಾಣುತ್ತದೆ?” ಎಂದು ಕೇಳಿದೆನು. ಇಂಜಿನಿಯರ್ ಮಹಾಶಯರು ಬಹಳ ವಿನಯದಿಂದಲೇ, “ಅದು ಅಧ್ಯಾಪಕರು ನೋಡಿಕೊಳ್ಳುವ ವಿಷಯ, ಪಂಡಿತರೇ, ತಾವು ವಾಕ್ಯವನ್ನು ದಯಪಾಲಿಸಿದರೆ ಸಾಕು” ಎಂದರು. ಈ ಉತ್ತರವು ನನ್ನ ಮನಸ್ಸಿಗೆ ಸಮಾಧಾನವನ್ನುಂಟುಮಾಡಲಿಲ್ಲ. ವೈದ್ಯವಿದ್ಯೆಯನ್ನು ಕಲಿಸುವ ಮನೆಯ ಆಕಾರವನ್ನು ನಿರ್ಣಯಿಸಬೇಕಾದುದು ಈ ಪ್ರಶ್ನೆಯೇ: ಕಲಿಯುವವನ ಕಣ್ಣು ಎಲ್ಲಿರುತ್ತದೆ, ಕೈ ಎಲ್ಲಿರುತ್ತದೆ, ಅವೆರಡಕ್ಕೂ ಶರೀರಕ್ಕೂ ನಡುವೆ ಎಷ್ಟು ದೂರವಿರುತ್ತದೆ? ಹಿಂದಿನವರು ಈ ಪ್ರಶ್ನೆಗೆ ಕೊಟ್ಟ ಉತ್ತರಗಳನ್ನು ಕ್ರಮವಾಗಿ ಪರಿಶೀಲಿಸಿ, ಸಂಸ್ಥೆಯವರಿಗೆ ಹೇಳಿದ ಮಾತುಗಳನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ವಾಚಕರ ಮುಂದಿಡುತ್ತೇನೆ.

ನಮ್ಮ ಸಂಹಿತೆಗಳಲ್ಲಿ ವಿದ್ಯಾಶಾಲೆಯ ಕಟ್ಟಡದ ಲಕ್ಷಣವು ಎಲ್ಲಿಯೂ ಹೇಳಲ್ಪಟ್ಟಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಚರಕಸಂಹಿತೆಯ ಸೂತ್ರಸ್ಥಾನದ ೧೫ನೆಯ ಅಧ್ಯಾಯದಲ್ಲಿ ರೋಗಿಗಾಗಿ ಕಟ್ಟಬೇಕಾದ ಮನೆಯ ವರ್ಣನೆಯಿದೆ. ಸುಶ್ರುತದ ಸೂತ್ರಸ್ಥಾನದ ೧೯ನೆಯ ಅಧ್ಯಾಯದಲ್ಲಿ ವ್ರಣಿತನಾದವನು ಇರಬೇಕಾದ ಗೃಹದ ವಿಚಾರವಿದೆ. ಇವು ಚಿಕಿತ್ಸಾಗೃಹಗಳು. ಶಿಷ್ಯನು ಎಲ್ಲಿ ಕುಳಿತು ಓದಬೇಕು, ಎಷ್ಟು ಮಂದಿ ಒಟ್ಟಿಗೆ ಇರಬೇಕು ಎಂಬುದಕ್ಕೆ ಅಲ್ಲಿ ಅಳತೆಗಳಿಲ್ಲ. ಗುರುವಿನ ಮನೆಯ ಜಗಲಿಯೇ ಶಾಲೆಯಾಗಿದ್ದ ಕಾಲದಲ್ಲಿ ಅದರ ಆವಶ್ಯಕತೆಯೂ ಇರಲಿಲ್ಲವೆಂದು ತೋರುತ್ತದೆ. ಆದರೆ ಶಿಷ್ಯನು ಏನನ್ನು ಮಾಡಬೇಕೆಂಬುದು ಅಲ್ಲಿ ಬಹು ವಿಶದವಾಗಿ ಹೇಳಲ್ಪಟ್ಟಿದೆ; ಆ ಕ್ರಿಯೆಗಳಿಂದಲೇ ಸ್ಥಳದ ಲಕ್ಷಣವನ್ನು ಊಹಿಸಬಹುದು.

ಸುಶ್ರುತದ ಶಾರೀರಸ್ಥಾನದ ೫ನೆಯ ಅಧ್ಯಾಯವನ್ನು ನೋಡೋಣ. ಶರೀರವನ್ನು ನಿಸ್ಸಂಶಯವಾಗಿ ತಿಳಿಯಬೇಕೆನ್ನುವವನು ಮೃತದೇಹವೊಂದನ್ನು ಆಯ್ದುಕೊಳ್ಳಬೇಕು. ಆ ದೇಹವು ಸರ್ವಾಂಗಗಳಿಂದ ಕೂಡಿರಬೇಕು. ವಿಷದಿಂದ ಸತ್ತುದಾಗಲಿ, ದೀರ್ಘವ್ಯಾಧಿಯಿಂದ ಬಳಲಿದುದಾಗಲಿ, ಅತಿವೃದ್ಧವಾದುದಾಗಲಿ ಆಗಿರಬಾರದು. ಕರುಳಿನ ಮಲವನ್ನು ತೆಗೆದು, ಮುಂಜೆಯ ಹುಲ್ಲು, ನಾರು, ದರ್ಭೆ, ಸೆಣಬು ಮೊದಲಾದುವುಗಳಲ್ಲೊಂದರಿಂದ ದೇಹವನ್ನು ಸುತ್ತಿ, ಪಂಜರದಲ್ಲಿರಿಸಿ, ಮೆಲ್ಲನೆ ಹರಿಯುವ ನೀರಿನಲ್ಲಿ, ಜನರ ಕಣ್ಣಿಗೆ ಬೀಳದ ಸ್ಥಳದಲ್ಲಿ ಮುಳುಗಿಸಿಡಬೇಕು. ಏಳು ರಾತ್ರಿಗಳಾದ ಮೇಲೆ ಚೆನ್ನಾಗಿ ನೆನೆದ ಆ ದೇಹವನ್ನು ಹೊರಕ್ಕೆ ತೆಗೆದು, ಲಾವಂಚ, ಕೂದಲು, ಬಿದಿರು ಇವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲುಗೊಂಡು ಪದರ ಪದರವಾಗಿ ಒಳಗಿರುವ ಅಂಗಗಳನ್ನು ಕಣ್ಣಿನಿಂದಲೇ ನೋಡಬೇಕು. ಕಣ್ಣಿನಿಂದ ಕಂಡುದು, ಶಾಸ್ತ್ರದಲ್ಲಿ ಕಂಡುದು, ಎರಡೂ ಕೂಡಿದರೆ ಮಾತ್ರವೇ ಜ್ಞಾನವು ಬೆಳೆಯುವುದೆಂದು ಗ್ರಂಥಕಾರನ ಮತ.

ಇಲ್ಲಿ ಗಮನಿಸಬೇಕಾದ ಸಂಗತಿಯೇನೆಂದರೆ, ನೋಡುವವನೂ ಉಜ್ಜುವವನೂ ಒಬ್ಬನೇ. ಕಣ್ಣಿಗೂ ದೇಹಕ್ಕೂ ನಡುವೆ ಒಂದು ಕುಂಚದ ಉದ್ದದಷ್ಟೇ ದೂರ. ಈ ಶಾಲೆಗೆ ಗೋಡೆಯಿಲ್ಲ, ಮಾಡಿಲ್ಲ. ನದಿಯ ಮರೆಯೇ ಶಾಲೆ. ಒಬ್ಬಿಬ್ಬರು ಶಿಷ್ಯರಿರುವಾಗ ಇದು ಪರ್ಯಾಪ್ತವಾದ ವಿಧಾನ. ನೂರು ಮಂದಿ ಬಂದರೆ ಏನು ಮಾಡಬೇಕು? ಆಗ ವಾಸ್ತುವಿನ ಪ್ರಶ್ನೆಯು ಹುಟ್ಟುತ್ತದೆ.

ನೂರಾರು ಕಣ್ಣುಗಳು ಒಂದೇ ವಸ್ತುವನ್ನು ನೋಡುವುದಕ್ಕೆ ಮನೆಯನ್ನು ಹೇಗೆ ಕಟ್ಟಬೇಕೆಂಬುದನ್ನು ನಮ್ಮವರಲ್ಲಿ ಆಲೋಚಿಸಿದವರು ವೈದ್ಯರಲ್ಲ, ನಾಟ್ಯಾಚಾರ್ಯರು. ಭರತನು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಪ್ರೇಕ್ಷಾಗೃಹದ ಪ್ರಮಾಣವನ್ನು ಹೇಳುವಾಗ, ಮನುಷ್ಯರಿಗೆ ೬೪ ಹಸ್ತಗಳ ಉದ್ದ, ೩೨ ಹಸ್ತಗಳ ಅಗಲದ ಮನೆಯು ಸಾಕೆಂದೂ, ಅದನ್ನು ಮೀರಿದರೆ ಪಾತ್ರಧಾರಿಯ ಮಾತು ಕಿವಿಗೆ ಒಡೆದು ಕೇಳುವುದೆಂದೂ ಮುಖದ ಭಾವವು ಕಣ್ಣಿಗೆ ಸ್ಪಷ್ಟವಾಗದೆಂದೂ ಕಾರಣಸಹಿತವಾಗಿ ಎಚ್ಚರಿಸುತ್ತಾನೆ. ಆಸನಗಳನ್ನು ಇಟ್ಟಿಗೆ ಮರಗಳಿಂದ ಮೆಟ್ಟಿಲುಗಳಂತೆ ಏರುವ ಹಾಗೆ ಮಾಡಬೇಕೆಂಬುದೂ ಅಲ್ಲಿಯೇ ಇದೆ. ನಕ್ಷೆಯಲ್ಲಿದ್ದ ಸಾವಿರ ಜನರ ಸಭಾಂಗಣವನ್ನು ಭರತನು ಕಂಡಿದ್ದರೆ ಏನೆನ್ನುತ್ತಿದ್ದನೆಂಬುದನ್ನು ಹೇಳಬೇಕಾಗಿಲ್ಲ.

ಈ ನಾಟ್ಯಮಂಟಪದ ನ್ಯಾಯವನ್ನೇ ವೈದ್ಯವಿದ್ಯೆಗೆ ಅನ್ವಯಿಸಿ ಸ್ಥಿರವಾದ ಕಟ್ಟಡವನ್ನೆತ್ತಿದವರು ಇಟಲಿ ದೇಶದ ಪಾದುವಾ ನಗರದ ವಿದ್ವಾಂಸರು. ನಾಟಕಶಾಲೆಗೂ ಶವಚ್ಛೇದನದ ಶಾಲೆಗೂ ಆ ದೇಶಗಳಲ್ಲಿ ಒಂದೇ ಹೆಸರು ಇದ್ದುದು ಆಕಸ್ಮಿಕವಲ್ಲ. ಪಾದುವಾದ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡಕ್ಕೆ ‘ಬೋ’ ಎಂದು ಹೆಸರು, ಎತ್ತು ಎಂದರ್ಥ. ಹಿಂದೆ ಅಲ್ಲಿ ಎತ್ತಿನ ಗುರುತಿನ ಛತ್ರವೊಂದಿದ್ದುದರಿಂದ ಈ ಹೆಸರು ಬಂದಿತಂತೆ. ವಿದ್ಯಾಮಂದಿರಕ್ಕೆ ವೃಷಭನ ಹೆಸರಿರುವುದು ನಮಗೆ ಅಷ್ಟೇನೂ ವಿಚಿತ್ರವಾಗಿ ತೋರುವುದಿಲ್ಲ.

ಮೊದಲು ಅಲ್ಲಿನ ಪದ್ಧತಿಯು ಹೇಗಿದ್ದಿತೆಂಬುದನ್ನು ಹೇಳಬೇಕು. ಯೂರೋಪಿನ ಪುರಾತನ ವೈದ್ಯಶಾಲೆಗಳಲ್ಲಿ ಉಪಾಧ್ಯಾಯನು ಎತ್ತರವಾದ ಪೀಠದ ಮೇಲೆ ಕುಳಿತು ಗೇಲೆನ್ನನ ಗ್ರಂಥವನ್ನು ಓದುತ್ತಿದ್ದನು. ಕೆಳಗೆ ಕ್ಷೌರಿಕನೊಬ್ಬನು ದೇಹವನ್ನು ಕೊಯ್ಯುತ್ತಿದ್ದನು. ಮತ್ತೊಬ್ಬನು ಕೋಲಿನಿಂದ ತೋರಿಸುತ್ತಿದ್ದನು. ಓದುವವನು ನೋಡುತ್ತಿರಲಿಲ್ಲ, ಕೊಯ್ಯುವವನಿಗೆ ಓದು ಬರುತ್ತಿರಲಿಲ್ಲ. (ಪೀಠದ ಮೇಲೆ ಕುಳಿತು ಪಂಕ್ತಿ ಹೇಳುವ ವರ್ಗಕ್ಕೇ ಸೇರಿದ ನಾನು ಇದನ್ನು ನಗುತ್ತ ಬರೆಯುವಂತಿಲ್ಲ.) ೧೫೩೭ರಲ್ಲಿ ಪಾದುವಾಕ್ಕೆ ಅಧ್ಯಾಪಕನಾಗಿ ಬಂದ ವೆಸಾಲಿಯಸ್ ಎಂಬವನು ಪೀಠದಿಂದ ಕೆಳಗಿಳಿದು ತಾನೇ ಕತ್ತಿಯನ್ನು ಹಿಡಿದನು. ೧೫೪೩ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ಅವನ ಮಹಾಗ್ರಂಥದ ಮುಖಪತ್ರದಲ್ಲಿ ಈ ದೃಶ್ಯವೇ ಚಿತ್ರಿತವಾಗಿದೆ: ಮರದ ಅಟ್ಟಣೆಗಳ ಮೇಲೆ ಜನರು ಒಬ್ಬರ ಮೇಲೊಬ್ಬರು ಬಿದ್ದು ಇಣಿಕುತ್ತಿದ್ದಾರೆ, ನಡುವೆ ಆಚಾರ್ಯನ ಕೈ ದೇಹದ ಮೇಲಿದೆ. ಆ ಅಟ್ಟಣೆಗಳು ತಾತ್ಕಾಲಿಕವಾದುವು. ಚಳಿಗಾಲದಲ್ಲಿ ಕಟ್ಟಿ, ಕೆಲಸವಾದ ಮೇಲೆ ಬಿಚ್ಚುತ್ತಿದ್ದರು. ದೇಹವು ಬೇಗನೆ ಕೆಡದಿರಲೆಂದು ಶವಚ್ಛೇದನವು ಚಳಿಗಾಲದಲ್ಲಿಯೇ ನಡೆಯುತ್ತಿದ್ದಿತು.

ವೆಸಾಲಿಯಸ್ಸನ ಕಾಲಕ್ಕೆ ಅರ್ಧಶತಮಾನದ ಈಚೆಗೆ, ಅಕ್ವಪೆಂದೆಂತೆಯ ಫಾಬ್ರಿಚಿ ಎಂಬ ಆಚಾರ್ಯನ ಕಾಲದಲ್ಲಿ, ‘ಬೋ’ ಕಟ್ಟಡದೊಳಗೆ ಸ್ಥಿರವಾದ ಮಂಟಪವು ನಿರ್ಮಿತವಾಗಿ ೧೫೯೫ರಲ್ಲಿ ಆರಂಭೋತ್ಸವವನ್ನು ಕಂಡಿತು. ಅದು ಇಂದಿಗೂ ನಿಂತಿದೆ. ಈಗ ಉಳಿದಿರುವ ಇಂತಹ ಸ್ಥಿರಮಂಟಪಗಳಲ್ಲಿ ಅತ್ಯಂತ ಪ್ರಾಚೀನವಾದುದು ಅದೇ. ಅದರ ರಚನೆಯನ್ನು ವಾಚಕರು ಹೀಗೆ ಭಾವಿಸಿಕೊಳ್ಳಬಹುದು. ಎಣ್ಣೆ ಹುಯ್ಯುವ ಆಲಿಕೆಯೊಂದನ್ನು ನಿಲ್ಲಿಸಿ, ಅದರ ತಳದಲ್ಲಿ ಮೇಜನ್ನಿಟ್ಟಿದೆಯೆನ್ನಿ. ಒಳಮೈಯಲ್ಲಿ ಒಂದರ ಮೇಲೊಂದಾಗಿ ಆರು ಸುತ್ತುಗಳು. ಪ್ರತಿಯೊಂದು ಸುತ್ತಿಗೂ ಅಕ್ರೋಟು ಮರದ ಕೆತ್ತನೆಯ ಕಟಕಟೆ. ಕುಳಿತುಕೊಳ್ಳಲು ಆಸನವಿಲ್ಲ. ನಿಂತು, ಕಟಕಟೆಗೆ ಎದೆಯೊತ್ತಿ, ಕೆಳಕ್ಕೆ ಬಗ್ಗಿ ನೋಡಬೇಕು. ಹೀಗೆ ಇನ್ನೂರಕ್ಕೆ ಮೇಲ್ಪಟ್ಟ ಜನರು ಅತ್ಯಂತ ಸಂಕುಚಿತವಾದ ಸ್ಥಳದಲ್ಲಿ ನಿಲ್ಲುತ್ತಿದ್ದರು. ಯಾರಾದರೂ ಮೂರ್ಛೆ ಹೋದರೂ ಕೆಳಕ್ಕೆ ಬೀಳಲು ಸ್ಥಳವಿಲ್ಲದಷ್ಟು ಇಕ್ಕಟ್ಟೆಂದು ಅಲ್ಲಿಗೆ ಹೋಗಿಬಂದವರು ಹೇಳುವುದುಂಟು.

ಈ ಮಂಟಪವು ಪೂರ್ಣವೃತ್ತವಾಗಿರದೆ ದೀರ್ಘವೃತ್ತವಾಗಿದೆ. ಇದರ ಕಾರಣವನ್ನು ನಾನು ಹೀಗೆ ಊಹಿಸುತ್ತೇನೆ. ಮಲಗಿರುವ ಮನುಷ್ಯನ ದೇಹವು ಉದ್ದವಾದುದು, ಅಗಲವಾದುದಲ್ಲ. ಪೂರ್ಣವೃತ್ತದಲ್ಲಿ ಮೇಜನ್ನಿಟ್ಟರೆ ಪಾರ್ಶ್ವಗಳಲ್ಲಿ ನಿಂತವರು ದೇಹಕ್ಕೆ ದೂರವಾಗುತ್ತಾರೆ. ತಲೆಯ ಕಡೆಯವರೂ ಕಾಲಿನ ಕಡೆಯವರೂ ಹತ್ತಿರವಾಗುತ್ತಾರೆ. ವೃತ್ತವನ್ನು ಮೇಜಿನ ಉದ್ದಕ್ಕೆ ಎಳೆದರೆ ಎಲ್ಲರ ದೂರವೂ ಹೆಚ್ಚುಕಡಮೆ ಸಮವಾಗುತ್ತದೆ. ಎಂದರೆ ಕಟ್ಟಡದ ಆಕಾರವನ್ನು ದೇಹದ ಆಕಾರವೇ ನಿರ್ಣಯಿಸಿತು. ಕಂಬಗಳ ಸಂಖ್ಯೆಯಿಂದ ಆರಂಭಿಸುವ ನಮ್ಮ ನಕ್ಷೆಗಾರರು ಇದನ್ನು ಸಾವಧಾನವಾಗಿ ನೋಡತಕ್ಕದ್ದು.

ಮೊದಲಿಗೆ ಅಲ್ಲಿ ಕಿಟಕಿಗಳಿರಲಿಲ್ಲ. ದೀಪಗಳ ಬೆಳಕಿನಲ್ಲಿಯೇ ಕೆಲಸ. ದೇಹವನ್ನು ಕೆಳಗಿನ ಕೊಠಡಿಯಲ್ಲಿ ಸಿದ್ಧಪಡಿಸಿ ಮೇಲಕ್ಕೆತ್ತುತ್ತಿದ್ದರು. ಇಂಗ್ಲೆಂಡಿನಿಂದ ಬಂದು ಫಾಬ್ರಿಚಿಯ ಶಿಷ್ಯನಾಗಿ ೧೬೦೨ರಲ್ಲಿ ಪಾದುವಾದ ಪದವಿಯನ್ನು ಪಡೆದ ವಿಲಿಯಂ ಹಾರ್ವೆಯೇ ಮುಂದೆ ರಕ್ತಪರಿಚಲನೆಯ ತತ್ತ್ವವನ್ನು ಲೋಕಕ್ಕೆ ತಿಳಿಸಿದವನು. ಸಿರೆಗಳೊಳಗಿನ ಕವಾಟಗಳನ್ನು ಕುರಿತು ಫಾಬ್ರಿಚಿಯು ೧೬೦೩ರಲ್ಲಿ ಪ್ರಕಟಿಸಿದ ಗ್ರಂಥವು ಹಾರ್ವೆಯ ವಾದಕ್ಕೆ ಆಧಾರಗಳಲ್ಲೊಂದಾಯಿತು. ಮಂಟಪವು ೧೮೭೨ರವರೆಗೆ ಉಪಯೋಗದಲ್ಲಿದ್ದಿತು.

ಇಷ್ಟು ಹೊಗಳಿದ ಮೇಲೆ ಅದರ ದೋಷವನ್ನೂ ಹೇಳಬೇಕು. ಕೆಳಗಿನ ಸುತ್ತು, ಎಂದರೆ ದೇಹಕ್ಕೆ ಅತಿ ಸಮೀಪವಾದ ಸ್ಥಾನವು, ಆಚಾರ್ಯರಿಗೂ ಅಧಿಕಾರಿಗಳಿಗೂ ಪ್ರತಿಷ್ಠಿತರಿಗೂ ಮೀಸಲು. ಯಾರಿಗಾಗಿ ಮಂಟಪವೋ ಆ ವಿದ್ಯಾರ್ಥಿಗಳು ಮೇಲಣ ಸುತ್ತುಗಳಲ್ಲಿ. ಅವರು ನೋಡಿದರು, ಮುಟ್ಟಲಿಲ್ಲ. ಶರೀರವು ಒಂದು ಉತ್ಸವದ ದೃಶ್ಯವಾಯಿತು. ಚೆನ್ನಾಗಿ ಕಲಿಯಬೇಕೆಂಬ ವಿದ್ಯಾರ್ಥಿಗಳು ಚಿಕ್ಕ ಚಿಕ್ಕ ಕೊಠಡಿಗಳಲ್ಲಿ ಖಾಸಗಿಯಾಗಿ ನಡೆಯುತ್ತಿದ್ದ ಶವಚ್ಛೇದನಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಸುಶ್ರುತನ ಕುಂಚವು ಕಣ್ಣಿನೊಡನೆ ಕೈಯನ್ನೂ ಕೇಳುತ್ತದೆ. ಪಾದುವಾದ ಮಂಟಪದಲ್ಲಿ ಕೈಗೆ ಎಡೆಯಿರಲಿಲ್ಲ.

ಈ ನ್ಯೂನತೆಯನ್ನು ತುಂಬಿದ ರೀತಿಯನ್ನು ಫ್ರಾನ್ಸಿನವರಿಂದ ಕಲಿತು, ಲಂಡನ್ನಿನಲ್ಲಿ ವಿಲಿಯಂ ಹಂಟರನು ೧೭೪೬ರಲ್ಲಿ, ಪ್ಯಾರಿಸಿನ ಕ್ರಮದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಸ್ವತಃ ಛೇದಿಸುವ ಅವಕಾಶವುಂಟೆಂದು ಸಾರಿದನು. ಅಂದಿನಿಂದ ಒಂದು ಮೇಜಿನ ಮಂಟಪಕ್ಕೆ ಬದಲಾಗಿ ಹಲವು ಮೇಜುಗಳ ವಿಶಾಲವಾದ ಶಾಲೆಯು ಬಳಕೆಗೆ ಬಂದಿತು. ಅದಕ್ಕೆ ಮೇಲಿನಿಂದ ಬೆಳಕು ಬೇಕಾದುದರಿಂದ ಅನೇಕ ಕಡೆಗಳಲ್ಲಿ ಅದನ್ನು ಕಟ್ಟಡದ ನೆತ್ತಿಯ ಅಂತಸ್ತಿಗೆ ಏರಿಸಿದರು. ಹಂಟರನು ಗ್ರೇಟ್ ವಿಂಡ್‌ಮಿಲ್ ಬೀದಿಯಲ್ಲಿ ಕಟ್ಟಿಸಿದ ಶಾಲೆಯ ಮುಂಗೋಡೆಯು ೧೮೮೮ರಲ್ಲಿ ತೆರೆದ ಲಿರಿಕ್ ಎಂಬ ನಾಟಕಶಾಲೆಯ ಹಿಂಭಾಗವಾಗಿ ಇಂದಿಗೂ ಉಳಿದಿದೆ. ನಾಟ್ಯಮಂಟಪದಿಂದ ಹೊರಟುದು ನಾಟ್ಯಮಂಟಪಕ್ಕೇ ಮರಳಿತು!

ನಮ್ಮ ದೇಶದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ನನ್ನಂತಹ ಪಾಠಶಾಲೆಯವನಿಗೆ ಕರ್ತವ್ಯವೇ ಸರಿ. ೧೮೩೫ರಲ್ಲಿ ಕಲ್ಕತ್ತೆಯಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದಾಗ, ಅಲ್ಲಿನ ಸಂಸ್ಕೃತ ಕಾಲೇಜಿನ ವೈದ್ಯಕ ತರಗತಿಯನ್ನು ಮುಚ್ಚಿದರು. ಆ ತರಗತಿಯಲ್ಲಿ ಪಾಠ ಹೇಳುತ್ತಿದ್ದ ಪಂಡಿತ ಮಧುಸೂದನ ಗುಪ್ತರು ಹೊಸ ಕಾಲೇಜಿಗೆ ಬಂದರು. ಇವರು ವೈದ್ಯಕುಲದವರು, ಸುಶ್ರುತವನ್ನು ಓದಿದವರು. ಹೂಪರನ ಅಂಗ್ಲ ಶಾರೀರಗ್ರಂಥವನ್ನು ಸಂಸ್ಕೃತಕ್ಕೆ ಪರಿವರ್ತಿಸಿದವರು. ೧೮೩೬ರಲ್ಲಿ ಇವರು ಸ್ವಹಸ್ತದಿಂದ ಮೃತದೇಹವನ್ನು ಛೇದಿಸಿದರು. ಜಾತಿಬಹಿಷ್ಕಾರದ ಭಯವು ಎಷ್ಟಿದ್ದಿತೆಂಬುದನ್ನು ಇಂದಿನವರು ಊಹಿಸುವುದೂ ಕಷ್ಟ. ಅನಂತರ ಅವರ ಭಾವಚಿತ್ರವನ್ನು ಕಾಲೇಜಿಗೆ ಅರ್ಪಿಸುವಾಗ ಬೆಥೂನ್ ಎಂಬ ಅಧಿಕಾರಿಯು ಆ ದಿನವನ್ನು ವರ್ಣಿಸಿದ್ದಾನೆ: ಜನರು ನುಗ್ಗಿಬಂದಾರೆಂಬ ಶಂಕೆಯಿಂದ ಕಾಲೇಜಿನ ಬಾಗಿಲುಗಳನ್ನು ಮುಚ್ಚಲಾಗಿದ್ದಿತು, ಗುಪ್ತರು ಕತ್ತಿಯನ್ನು ಹಿಡಿದು ಗುಡೀವ್ ಎಂಬ ಆಚಾರ್ಯನ ಹಿಂದೆ, ದೇಹವನ್ನಿರಿಸಿದ್ದ ಉಗ್ರಾಣಕ್ಕೆ ನಡೆದರು.

ಉಗ್ರಾಣ! ಪಾದುವಾದಲ್ಲಿ ಅಕ್ರೋಟು ಮರದ ಆರು ಸುತ್ತುಗಳು. ಕಲ್ಕತ್ತೆಯಲ್ಲಿ ಸಾಮಾನು ತುಂಬುವ ಕೋಣೆ. ಆದರೂ ನಮ್ಮ ಪಂಡಿತರಿಗೆ ದೇಹಕ್ಕೂ ಕಣ್ಣಿಗೂ ನಡುವೆ ಇದ್ದ ದೂರವು ಸುಶ್ರುತನು ಹೇಳಿದಷ್ಟೇ ಇದ್ದಿತು. ಅಂದಿನ ಭಯಕ್ಕೆ ಆ ಮರೆಯು ಆವಶ್ಯಕವಾಗಿದ್ದಿರಬಹುದು. ಭಯವು ಹೋಗಿ ಸುಮಾರು ೧೯೦ ವರ್ಷಗಳಾಗುತ್ತ ಬಂದರೂ ಶವಚ್ಛೇದನದ ಶಾಲೆಯು ಅನೇಕ ನಕ್ಷೆಗಳಲ್ಲಿ ಉಗ್ರಾಣದ ಸ್ಥಾನದಲ್ಲಿಯೇ ಉಳಿದಿರುವುದಕ್ಕೆ ಅಭ್ಯಾಸಬಲವಲ್ಲದೆ ಬೇರೆ ಕಾರಣವು ನನಗೆ ಕಾಣಲಿಲ್ಲ. ಮೈಸೂರಿನಲ್ಲಿ ೧೯೦೮ರಲ್ಲಿಯೇ ಆಯುರ್ವೇದದ ಕಾಲೇಜೂ, ೧೯೨೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ೧೯೩೦ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜೂ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನೆಲೆಗೊಂಡ ನಾಡು ನಮ್ಮದು. ನಾವು ಮರೆಮಾಚಬೇಕಾದುದು ಏನೂ ಇಲ್ಲ.

ಬೆಳಕಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಉತ್ತರದ ಕಡೆಯ ಬೆಳಕು ಸಮವಾದುದು, ನೆರಳುಗಳನ್ನು ಕುಣಿಸುವುದಿಲ್ಲ ಎಂದು ಯೂರೋಪಿನ ಗ್ರಂಥಗಳನ್ನೋದಿದವರು ಹೇಳುತ್ತಾರೆ. ಅವರ ದೇಶಕ್ಕೆ ಅದು ಸತ್ಯ. ಮೈಸೂರು ವಿಷುವದ್ರೇಖೆಗೆ ಉತ್ತರದಲ್ಲಿ ಸುಮಾರು ೧೨ ಅಂಶಗಳ ದೂರದಲ್ಲಿದೆ. ಸೂರ್ಯನು ಉತ್ತರಾಯಣದ ಕೊನೆಗೆ ಇಪ್ಪತ್ತಮೂರೂವರೆ ಅಂಶಗಳವರೆಗೆ ಬರುತ್ತಾನೆ. ಆದುದರಿಂದ ಏಪ್ರಿಲ್ ತಿಂಗಳ ಕೊನೆಯಿಂದ ಆಗಸ್ಟ್ ತಿಂಗಳ ನಡುವಿನವರೆಗೆ ಮಧ್ಯಾಹ್ನದ ಸೂರ್ಯನು ನಮ್ಮ ನೆತ್ತಿಗೆ ಉತ್ತರದಲ್ಲಿಯೇ ಇರುತ್ತಾನೆ. ಉತ್ತರದ ಕಿಟಕಿಗೂ ಸಜ್ಜಾ ಬೇಕು. ಮಾಡಿನಲ್ಲಿ ಗಾಜನ್ನಿಟ್ಟರೆ ಬಿಸಿಲು ನೇರವಾಗಿ ಮೇಜಿನ ಮೇಲೆಯೇ ಬೀಳುತ್ತದೆ. ಪಂಚಾಂಗವನ್ನು ನೋಡದೆ ಪರದೇಶದ ನಕ್ಷೆಯನ್ನು ಇಲ್ಲಿಗೆ ತರಬಾರದು.

ಗಾಳಿಯ ವಿಷಯವೂ ಹಾಗೆಯೇ. ಚರಕನು ರೋಗಿಯ ಮನೆಗೆ ಹೇಳಿದ ಲಕ್ಷಣಗಳಲ್ಲಿ, ಗಾಳಿಯ ಹೊಡೆತವಿರಬಾರದು, ಆದರೆ ಒಂದು ಭಾಗದಲ್ಲಿ ಗಾಳಿಯಾಡುತ್ತಿರಬೇಕು ಎಂಬ ಎರಡು ವಿಶೇಷಣಗಳು ಒಟ್ಟಿಗೆ ಬರುತ್ತವೆ. ಓದುವವರಿಗೆ ಇದು ವಿರೋಧವೆಂದು ತೋರಬಹುದು, ವಿರೋಧವಿಲ್ಲ. ಗಾಳಿಯು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂಬುದನ್ನು ಕಟ್ಟುವವನು ನಿರ್ಣಯಿಸಬೇಕೆಂಬುದೇ ಇದರ ತಾತ್ಪರ್ಯ. ಈಗ ದೇಹಗಳನ್ನು ಕೆಡದಂತೆ ಇಡಲು ಬಳಸುವ ಫಾರ್ಮಾಲಿನ್ ದ್ರವದ ಹಬೆಯು ಕಣ್ಣನ್ನೂ ಗಂಟಲನ್ನೂ ಉರಿಸುವಂತಹುದು, ದೀರ್ಘಕಾಲದಲ್ಲಿ ಅಪಾಯಕರವೂ ಹೌದು. ಮಾಡಿನಲ್ಲಿ ಪಂಖವನ್ನಿಟ್ಟು ಹಬೆಯನ್ನು ಮೇಲಕ್ಕೆಳೆದರೆ ಅದು ಬಗ್ಗಿ ನಿಂತ ಹುಡುಗನ ಮೂಗಿನ ಮುಂದೆಯೇ ಹಾದುಹೋಗುತ್ತದೆ. ಆದುದರಿಂದ ಈಚಿನ ಒಳ್ಳೆಯ ಶಾಲೆಗಳಲ್ಲಿ ಮೇಜಿನ ಅಂಚಿನಿಂದಲೇ ಗಾಳಿಯನ್ನು ಕೆಳಕ್ಕೆ ಸೆಳೆದು ಹೊರಹಾಕುತ್ತಾರೆ. ನಮ್ಮ ನಕ್ಷೆಯಲ್ಲಿದ್ದುದು ಸೂರಿನ ಕಿರುಗಿಂಡಿ.

ಕಣ್ಣಿನ ವಿಚಾರವಾಯಿತು. ಕೈಗೆ ಪ್ರತ್ಯೇಕವಾದ ಶಾಲೆಯು ಬೇಕೆಂಬುದನ್ನು ಸುಶ್ರುತನು ಸೂತ್ರಸ್ಥಾನದ ೯ನೆಯ ಅಧ್ಯಾಯದಲ್ಲಿ, ಯೋಗ್ಯಾ ಎಂಬ ಹೆಸರಿನಿಂದ ಸ್ಪಷ್ಟಪಡಿಸಿದ್ದಾನೆ. ಯೋಗ್ಯಾ ಎಂದರೆ ಕರ್ಮಾಭ್ಯಾಸ. ಶಾಸ್ತ್ರವನ್ನು ಎಷ್ಟು ಓದಿದ್ದರೂ ಇದನ್ನು ಮಾಡದವನು ಕರ್ಮಕ್ಕೆ ಅನರ್ಹ. ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆಗಳಲ್ಲಿ ಛೇದನವನ್ನು ಕಲಿಯಬೇಕು. ನೀರು ಕೆಸರುಗಳನ್ನು ತುಂಬಿದ ತೊಗಲಿನ ಚೀಲದಲ್ಲಿ ಭೇದನವನ್ನು. ಕೂದಲಿರುವ ಚರ್ಮದಲ್ಲಿ ಕೆರೆಯುವುದನ್ನು. ಸತ್ತ ಪ್ರಾಣಿಯ ಸಿರೆಯಲ್ಲಿಯೂ ನೈದಿಲೆಯ ದಂಟಿನಲ್ಲಿಯೂ ಸಿರಾವೇಧವನ್ನು. ಹುಳು ತಿಂದ ಮರದ ರಂಧ್ರದಲ್ಲಿ ಶಲಾಕೆಯನ್ನು ತೂರಿಸುವುದನ್ನು. ಹಲಸು, ತೊಂಡೆ, ಬಿಲ್ವಗಳ ತಿರುಳಿನಿಂದ ಬೀಜವನ್ನು ತೆಗೆದು ಶಲ್ಯವನ್ನು ಕೀಳುವುದನ್ನು. ಜೇನುಮೇಣ ಬಳಿದ ಬೂರುಗದ ಹಲಗೆಯಲ್ಲಿ ಸ್ರಾವಣವನ್ನು. ಬಟ್ಟೆಯ ಅಂಚಿನಲ್ಲಿ ಹೊಲಿಗೆಯನ್ನು. ಮನುಷ್ಯಾಕಾರದ ಬೊಂಬೆಯ ಅಂಗಾಂಗಗಳಲ್ಲಿ ಪಟ್ಟಿ ಕಟ್ಟುವುದನ್ನು ಅಭ್ಯಸಿಸಬೇಕು. ಈ ಪಟ್ಟಿಯನ್ನು ಪಾಠ ಹೇಳುವಾಗ ಹುಡುಗರು ನಗುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೆ: ಪಕ್ಕದ ಕಾಲೇಜಿನಲ್ಲಿ ರಬ್ಬರಿನ ತೋಳಿಗೆ ಸೂಜಿ ಚುಚ್ಚುತ್ತಿರುವವರನ್ನು ನೋಡಿ ಬನ್ನಿರಿ. ನಮ್ಮ ದೇಶದ ವೈದ್ಯಕೀಯ ಕಾಲೇಜುಗಳಲ್ಲಿ ೨೦೧೯ರಿಂದ ಬಂದ ನೂತನ ಪಾಠಕ್ರಮದಲ್ಲಿ ಇಂತಹ ಕೌಶಲ್ಯಶಾಲೆಯು ವಿಹಿತವಾಗಿದೆ. ಬೂದುಗುಂಬಳದ ಸ್ಥಾನದಲ್ಲಿ ಉಸಿರಾಡುವ, ನಾಡಿ ಮಿಡಿಯುವ ಬೊಂಬೆಗಳು ಬಂದಿವೆ, ತತ್ತ್ವವು ಬೇರೆಯಾಗಿಲ್ಲ. ರೋಗಿಯ ಮೈಮೇಲೆ ಮೊದಲ ತಪ್ಪನ್ನು ಮಾಡಬಾರದು, ಅಷ್ಟೆ. ಆದರೆ ಈ ಶಾಲೆಯು ನಿಜವಾದ ಚಿಕಿತ್ಸಾಕೊಠಡಿಯ ಅಳತೆಯಲ್ಲಿಯೇ ಇರಬೇಕು. ಬಾಗಿಲಿನ ಅಗಲ, ಮಂಚದ ಸುತ್ತಣ ಜಾಗ, ಕೈ ತೊಳೆಯುವ ಸ್ಥಳ ಎಲ್ಲವೂ ಅದರಂತೆಯೇ. ಇಲ್ಲದಿದ್ದರೆ ಕೈಗೆ ಬಂದ ಅಭ್ಯಾಸವು ಕಾಲಿಗೆ ಬರುವುದಿಲ್ಲ.

ಚರಕನು ವಿಮಾನಸ್ಥಾನದ ೮ನೆಯ ಅಧ್ಯಾಯದಲ್ಲಿ ಇನ್ನೊಂದು ಸಾಧನವನ್ನು ಹೇಳುತ್ತಾನೆ; ಅದು ಸಂಭಾಷೆ. ಒಂದೇ ವಿದ್ಯೆಯನ್ನು ಬಲ್ಲವರು ಕಲೆತು ಮಾತನಾಡಿದರೆ ಸಂಶಯವು ತೊಲಗುತ್ತದೆ, ಕೇಳದುದನ್ನು ಕೇಳಿದಂತಾಗುತ್ತದೆ, ಮಾತಿನ ಶಕ್ತಿಯು ಬೆಳೆಯುತ್ತದೆ. ಇದರಲ್ಲಿ ಸ್ನೇಹದಿಂದ ಮಾಡುವುದು, ಜಯಕ್ಕಾಗಿ ಮಾಡುವುದು ಎಂದು ಎರಡು ವಿಧ. ಕೆನಡಾ ದೇಶದ ಹ್ಯಾಮಿಲ್ಟನ್ ನಗರದಲ್ಲಿರುವ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ೧೯೬೯ರಲ್ಲಿ ವೈದ್ಯಶಿಕ್ಷಣವನ್ನು ಆರಂಭಿಸಿದಾಗ, ದೊಡ್ಡ ಉಪನ್ಯಾಸಗಳಿಗೆ ಬದಲಾಗಿ ಕೆಲವೇ ವಿದ್ಯಾರ್ಥಿಗಳು ಒಬ್ಬ ರೋಗಿಯ ಸಮಸ್ಯೆಯನ್ನು ಮುಂದಿಟ್ಟುಕೊಂಡು ಚರ್ಚಿಸಿ ಕಲಿಯುವ ಕ್ರಮವನ್ನು ತಂದರು. ಇದು ಸ್ನೇಹಸಂಭಾಷೆಯೇ ಸರಿ. ಅವರ ಕಟ್ಟಡವು ವಾಸ್ತುಶಿಲ್ಪಿ ಎಬರ್‌ಹಾರ್ಡ್ ಝೈಡ್ಲರರ ಯೋಜನೆಯಂತೆ ೧೯೭೨ರಲ್ಲಿ ಸಿದ್ಧವಾಯಿತು. ಅದರಲ್ಲಿ ಒಂದು ಚಮತ್ಕಾರವಿದೆ. ಜನರು ಓಡಾಡುವ ಎರಡೆರಡು ಅಂತಸ್ತುಗಳ ನಡುವೆ ಕೊಳವೆ, ತಂತಿ, ಗಾಳಿಯ ನಾಳಗಳಿಗಾಗಿಯೇ ಒಂದೊಂದು ಅಂತರಾಳದ ಅಂತಸ್ತನ್ನು ಬಿಟ್ಟಿದ್ದಾರೆ. ಹೀಗಾಗಿ ಗೋಡೆಗಳೊಳಗೆ ಏನೂ ಹುದುಗಿಲ್ಲ, ಕೊಠಡಿಗಳನ್ನು ಬೇಕಾದಂತೆ ಬದಲಾಯಿಸಬಹುದು. ಪಾಠಕ್ರಮವು ಹತ್ತು ವರ್ಷಗಳಿಗೊಮ್ಮೆ ತಿರುಗುತ್ತದೆ, ಕಟ್ಟಡವು ನೂರು ವರ್ಷ ನಿಲ್ಲುತ್ತದೆ ಎಂಬುದನ್ನು ಅವರು ಮನಗಂಡಿದ್ದರು. ಅಲ್ಲಿ ಆಸ್ಪತ್ರೆಯೂ ವೈದ್ಯರ ಶಿಕ್ಷಣವೂ ಪರಿಚಾರಿಕೆಯರ ಶಿಕ್ಷಣವೂ ಒಂದೇ ಮಾಡಿನ ಕೆಳಗಿವೆ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕನ್ನು ಚಿಕಿತ್ಸೆಯ ನಾಲ್ಕು ಪಾದಗಳೆಂದು ಚರಕನು ಎಣಿಸಿದ್ದಾನಷ್ಟೆ. ನಮ್ಮಲ್ಲಿ ಆರೋಗ್ಯವಿಜ್ಞಾನಗಳಿಗೆಲ್ಲ ಒಂದೇ ವಿಶ್ವವಿದ್ಯಾಲಯವು ಬೆಂಗಳೂರಿನಲ್ಲಿ ೧೯೯೬ರಲ್ಲಿಯೇ ಸ್ಥಾಪಿತವಾಯಿತು. ಪಾದಗಳು ಮಾತ್ರ ಇನ್ನೂ ಬೇರೆ ಬೇರೆ ಕಟ್ಟಡಗಳಲ್ಲಿ ನಡೆಯುತ್ತಿವೆ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ೨೦೧೬ರಲ್ಲಿ ತೆರೆದ ಹದಿನಾಲ್ಕು ಅಂತಸ್ತುಗಳ ವೈದ್ಯಶಿಕ್ಷಣ ಭವನವು ಈಗ ಬಹಳ ಪ್ರಸಿದ್ಧವಾಗಿದೆ. ಡಿಲ್ಲರ್, ಸ್ಕೋಫಿಡಿಯೊ, ರೆನ್‌ಫ್ರೊ ಎಂಬ ಶಿಲ್ಪಿಗಳ ಕೃತಿ. ದಕ್ಷಿಣದ ಗಾಜಿನ ಮುಖದುದ್ದಕ್ಕೂ ಕೆಳಗಿನಿಂದ ಮೇಲಿನವರೆಗೆ ಒಂದೇ ಸೋಪಾನಪಂಕ್ತಿಯು ಹಬ್ಬಿದೆ; ಅದರ ಮಗ್ಗುಲುಗಳಲ್ಲಿ ಅಲ್ಲಲ್ಲಿ ನಾಲ್ಕಾರು ಮಂದಿ ಕುಳಿತು ಓದುವುದಕ್ಕೂ ಮಾತನಾಡುವುದಕ್ಕೂ ಜಾಗಗಳು. ಮೆಟ್ಟಿಲನ್ನೇ ಸಂಭಾಷಾಮಂಟಪವನ್ನಾಗಿ ಮಾಡಿದ್ದಾರೆ. ನಮ್ಮ ಊರುಗಳಲ್ಲಿ ದೇವಾಲಯದ ಮೊಗಸಾಲೆಯೂ ಕೆರೆಯ ಸೋಪಾನವೂ ಇದೇ ಕೆಲಸವನ್ನು ಮಾಡುತ್ತಿದ್ದುವು. ಗಾಜಿನ ಮುಖವನ್ನು ನಮ್ಮ ಬಿಸಿಲಿಗೆ ತರುವುದು ಅವಿವೇಕ. ಅಗಲವಾದ ಮೆಟ್ಟಿಲನ್ನು ತರುವುದಕ್ಕೆ ಅಡ್ಡಿಯಿಲ್ಲ.

ಕೊನೆಯದಾಗಿ ದೇಹವು ಕಟ್ಟಡವನ್ನು ಪ್ರವ��ಶಿಸುವ ಬಾಗಿಲು. ಪಾದುವಾದ ಮೇಜಿನ ಮೇಲೆ ಮಲಗುತ್ತಿದ್ದವರಲ್ಲಿ ಮರಣದಂಡನೆಯನ್ನು ಅನುಭವಿಸಿದವರೇ ಹೆಚ್ಚು. ಅವರನ್ನು ನೆಲದಡಿಯಿಂದ ತಂದರು. ಇಂದು ನಮ್ಮಲ್ಲಿ ಎಷ್ಟೋ ಮಂದಿ ಬದುಕಿರುವಾಗಲೇ ಬರೆದಿಟ್ಟು ತಮ್ಮ ದೇಹವನ್ನು ವಿದ್ಯೆಗಾಗಿ ದಾನಮಾಡುತ್ತಿದ್ದಾರೆ. ನನ್ನ ಸಹಾಧ್ಯಾಯಿಯೊಬ್ಬರು, ವ್ಯಾಕರಣದ ವಿದ್ವಾಂಸರು, ಹೀಗೆ ಮಾಡಿದರು. ಅವರ ದೇಹವನ್ನು ಒಪ್ಪಿಸಲು ಮನೆಯವರೊಡನೆ ನಾನೂ ಒಂದು ಸಂಸ್ಥೆಗೆ ಹೋಗಿದ್ದೆನು. ವಾಹನವನ್ನು ಹಿಂದಣ ಬಾಗಿಲಿಗೆ, ಕಸದ ತೊಟ್ಟಿಗಳ ಪಕ್ಕಕ್ಕೆ ತಿರುಗಿಸಿದರು. ಕಾಗದಗಳ ಸಹಿ ಮುಗಿಯುವವರೆಗೆ ಎರಡು ಗಂಟೆಗಳ ಕಾಲ ಆ ಎಪ್ಪತ್ತು ವರ್ಷದ ತಾಯಿ ಬಿಸಿಲಿನಲ್ಲಿ ನಿಂತಿದ್ದರು. ಕುಳಿತುಕೊಳ್ಳಲು ಒಂದು ಕಲ್ಲೂ ಇರಲಿಲ್ಲ. ಅಲ್ಲಿದ್ದವರು ಯಾರೂ ದುಷ್ಟರಲ್ಲ. ಕಟ್ಟಿದವನು ಆ ತಾಯಿಯು ಬರುವಳೆಂಬುದನ್ನು ಎಣಿಸಿರಲಿಲ್ಲ. “ಅವರು ಇದ್ದಿದ್ದರೆ ಈ ಬಾಗಿಲಿಗೂ ಒಂದು ಸೂತ್ರ ಹೇಳುತ್ತಿದ್ದರು” ಎಂದಷ್ಟೇ ಆಕೆ ನನಗೆ ಹೇಳಿದರು.

ಈ ಮಾತುಗಳನ್ನೆಲ್ಲ ಸಂಸ್ಥೆಯವರ ಮುಂದೆ ಎರಡು ಸಭೆಗಳಲ್ಲಿ ಹೇಳಿದೆನು. ಇಂಜಿನಿಯರ್ ಮಹಾಶಯರು ಆಗ್ರಹವುಳ್ಳವರಲ್ಲವೆಂಬುದನ್ನು ಸಂತೋಷದಿಂದ ಬರೆಯುತ್ತೇನೆ. ಶವಚ್ಛೇದನದ ಶಾಲೆಯು ಈಗ ಎರಡನೆಯ ಅಂತಸ್ತಿನ ಉತ್ತರಭಾಗಕ್ಕೆ, ಸಜ್ಜಾಸಹಿತವಾದ ಕಿಟಕಿಗಳೊಡನೆ ಏರಿದೆ. ಮೇಜೊಂದಕ್ಕೆ ಎಂಟು ಮಂದಿಗೆ ಮೀರದಂತೆ ತಂಡಗಳನ್ನು ಮಾಡಿ ಸರದಿಯಲ್ಲಿ ಕಳುಹಿಸುವುದೆಂದು ಅಧ್ಯಾಪಕರು ಒಪ್ಪಿದ್ದಾರೆ. ದೇಹವನ್ನು ಸಾಗಿಸಲು ಪ್ರತ್ಯೇಕವಾದ ಲಿಫ್ಟು ಬರುತ್ತದೆ. ಪೂರ್ವದ ಕಡೆಯ ಬಾಗಿಲಿನ ಒಳಗೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೊಠಡಿಯನ್ನು, ದಾನಿಗಳ ಮನೆಯವರು ಕುಳಿತುಕೊಳ್ಳುವುದಕ್ಕಾಗಿ, ನಕ್ಷೆಯಲ್ಲಿ ಗುರುತಿಸಿದ್ದಾರೆ. ಸಾವಿರ ಜನರ ಸಭಾಂಗಣವು ಮಾತ್ರ ಹಾಗೆಯೇ ಇದೆ; ಪದವೀಪ್ರದಾನಕ್ಕೆ ಅದು ಬೇಕೇ ಬೇಕಂತೆ. ಮೆಟ್ಟಿಲಿನ ಅಗಲವನ್ನು ಆರು ಅಡಿಗಳಿಂದ ಹತ್ತಕ್ಕೆ ಹೆಚ್ಚಿಸಬೇಕೆಂಬ ನನ್ನ ಸೂಚನೆಯು ವೆಚ್ಚದ ದೃಷ್ಟಿಯಿಂದ ಇನ್ನೂ ತೀರ್ಮಾನವಾಗಿಲ್ಲ. ಮೊಗಸಾಲೆಯ ಎಂಟು ಕಂಬಗಳಲ್ಲಿ ನಾಲ್ಕನ್ನು ಬಿಟ್ಟರೆ ಆ ಹಣವು ಒದಗಬಹುದೆಂದು ಲೆಕ್ಕವನ್ನು ಬರೆದು ಕಳುಹಿಸಿದ್ದೇನೆ. ದಸರೆಯಾದ ಮೇಲೆ ಮುಂದಿನ ಸಭೆ. ಮಹಾದ್ವಾರದ ವಾಕ್ಯವನ್ನು ಅಂದೇ ಕೊಡುವುದಾಗಿ ತಿಳಿಸಿದ್ದೇನೆ.